ಸಿಹಿಬಾವಿ, ಮೂರು

"ಅಜ್ಜಾರೇ, ಸಾಲಿನ ನಡುವೆ ಇರುವ ಒಂದು ಹೆಸರಿನ ಮೇಲೆ ಇನ್ನೊಂದು ಹೆಸರು ಬರೆದರೆ, ಮೊದಲಿದ್ದ ಹೆಸರು ಎಲ್ಲಿಗೆ ಹೋಗುತ್ತದೆ?"

ಶಿಷ್ಯ ಕೊಟ್ರಯ್ಯ ಕೇಳಿದ. ಕೇಳಿ ತಲೆ ತಗ್ಗಿಸಿದ.

ಮಠದ ಗುರುಗಳು ಹಿತ್ತಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅವರಿಗೆ ಇನ್ನೂ ಐವತ್ತೆರಡು. ಆದರೂ ಗದ್ದುಗೆಯ ಮೇಲೆ ಕುಳಿತವರನ್ನು ಅಜ್ಜ ಎನ್ನುವುದು ಆ ಸೀಮೆಯ ವಾಡಿಕೆ. ಎಪ್ಪತ್ತು ದಾಟಿದ ಗೌಡರು ಬಂದು "ಅಜ್ಜಾರೇ" ಎಂದು ಕಾಲಿಗೆ ಬಿದ್ದರೆ "ಏಳಪ್ಪಾ ಮೊಮ್ಮಗನೇ" ಎನ್ನುವುದು ಅಜ್ಜನವರ ವಾಡಿಕೆ. ಒಂದೇ ಕತೆಯನ್ನು ಎರಡು ಸಲ ಒಂದೇ ಥರ ಹೇಳಿದವರೂ ಅಲ್ಲ.

"ಎಲ್ಲಿಗೂ ಹೋಗುವುದಿಲ್ಲ, ಅಳಿದುಹೋಗುತ್ತದೆ" ಎಂದರು. "ಇಷ್ಟು ತಿಳಿಯಲು ಗುರು ಬೇಕೇನು? ಯಾವ ಸಾಲು? ಯಾರ ಹೆಸರು? ಅದನ್ನು ಹೇಳು."

ಕೊಟ್ರಯ್ಯ ಹೇಳಿದ. ದಾಸೋಹದ ಸೇವೆಯ ಪಟ್ಟಿ ನೋಡಿಕೊಳ್ಳುವುದು ಅವನ ಕೆಲಸ. ಪಟ್ಟಿ ಮಠದ ಕಂಪ್ಯೂಟರಿನಲ್ಲಿತ್ತು. ಸೋಮವಾರ ಎಂದು ಕೊಟ್ಟರೆ ಸೋಮವಾರ ಸೇವೆಗೆ ಬರುವವರ ಸಾಲು ತೆರೆದುಕೊಳ್ಳುತ್ತಿತ್ತು. ಸಾಲಿನಲ್ಲಿ ಯಾರ ಜಾಗ ಎಷ್ಟನೆಯದೋ ಅದರ ಮೇಲೆಯೇ ಅವರ ಕೆಲಸ. ಮೊದಲಿನವರು ಒಲೆ ಹೊತ್ತಿಸಬೇಕು, ಕೊನೆಯವರು ಹಂಡೆ ತೊಳೆಯಬೇಕು. ನಡುವೆ ಮಜ್ಜಿಗೆ ಬಡಿಸುವ ಜಾಗವೊಂದಿತ್ತು. ಅದು ಅವನ ತಾಯಿ ನೀಲವ್ವನದು. ನೀಲವ್ವ ತೀರಿಹೋಗಿ ಎರಡು ತಿಂಗಳಾಗಿತ್ತು.

ಆ ಜಾಗಕ್ಕೆ ದೇವಕ್ಕನ ಹೆಸರು ಹಾಕು ಎಂದು ಅಡುಗೆಮನೆಯ ಪಂಪಣ್ಣ ಹೇಳಿದ್ದ. ತಾಯಿಯ ಹೆಸರಿನ ಮೇಲೆ ಬರೆಯಲು ಕೊಟ್ರಯ್ಯನಿಗೆ ಕೈ ಬರಲಿಲ್ಲ. ಒಂದು ಉಪಾಯ ಮಾಡಿದ. ದೇವಕ್ಕನ ಹೆಸರನ್ನು ಸಾಲಿನ ಕೊನೆಗೆ ಸೇರಿಸಿದ. ಮಜ್ಜಿಗೆ ಬಡಿಸಲೆಂದು ಸೆರಗು ಸಿಕ್ಕಿಸಿಕೊಂಡು ಬಂದ ದೇವಕ್ಕ, ಬಾಗಿಲಿಗೆ ಅಂಟಿಸಿದ ಪಟ್ಟಿ ನೋಡಿ, ಹಂಡೆ ತೊಳೆದು ಮನೆಗೆ ಹೋದಳು. ಎಂಟು ಸೋಮವಾರ ಹೀಗೆಯೇ ಆಯಿತು. ಎಂಟು ಸೋಮವಾರವೂ ಪಂಕ್ತಿಯಲ್ಲಿ ಕುಳಿತವರು ಮಜ್ಜಿಗೆಗೆ ಅನ್ನ ಉಳಿಸಿಕೊಂಡು, ಬಾಗಿಲ ಕಡೆ ನೋಡಿ ನೋಡಿ, ಎದ್ದು ಹೋದರು.

"ಹಂಡೆ ಯಾಕೆ ಇತ್ತೀಚೆಗೆ ಮುಖ ಕಾಣುವಷ್ಟು ಹೊಳೆಯುತ್ತಿದೆ ಎಂದುಕೊಂಡಿದ್ದೆ" ಎಂದರು ಅಜ್ಜ.

"ನಗಬೇಡಿ ಅಜ್ಜಾರೇ. ನಾಳೆ ಸೋಮವಾರ. ನಾಳೆಯೂ ಮಜ್ಜಿಗೆ ಬರದಿದ್ದರೆ ಪಟ್ಟಿಯನ್ನು ತನಗೆ ಕೊಟ್ಟುಬಿಡು ಎಂದಿದ್ದಾನೆ ಪಂಪಣ್ಣ. ಅವನ ಕೈಗೆ ಹೋದರೆ ಒಂದೇ ಏಟಿಗೆ ಅಳಿಸಿಬಿಡುತ್ತಾನೆ."

"ನಗುತ್ತಿಲ್ಲ ತಮ್ಮಾ. ಕೂತುಕೋ. ಈ ಕಡೆಯ ಹಣ್ಣು ನೀನು ಬಿಡಿಸು."

ಕೊಟ್ರಯ್ಯ ಕುಳಿತ. ಅಜ್ಜ ಕತೆ ಹೇಳಿದರು.

ಒಂದು ಗುಡ್ಡ. ಗುಡ್ಡದ ಮೇಲೊಂದು ಊರು. ಊರಿನಲ್ಲಿ ಎಲ್ಲವೂ ಇತ್ತು, ನೀರೊಂದು ಇರಲಿಲ್ಲ. ನೀರು ಇದ್ದದ್ದು ಗುಡ್ಡದ ಬುಡದಲ್ಲಿ, ಏಳು ಬಾವಿಗಳಲ್ಲಿ.

"ಆ ಊರಿನ ಕಳ್ಳನ ಕತೆ ಹೇಳಿದಾಗ ಐದು ಬಾವಿ ಎಂದಿದ್ದಿರಿ" ಎಂದ ಕೊಟ್ರಯ್ಯ.

"ಆಮೇಲೆ ಎರಡು ತೋಡಿಸಿದರು. ಸುಮ್ಮನೆ ಕೇಳು."

ಪ್ರತಿ ಬಾವಿಯಿಂದ ಊರಿನ ತೊಟ್ಟಿಯವರೆಗೆ ಮೆಟ್ಟಿಲುಗಳಿದ್ದವು. ಮೆಟ್ಟಿಲುಗಳ ಮೇಲೆ ಇಪ್ಪತ್ತು ಜನ ನಿಲ್ಲುತ್ತಿದ್ದರು. ತುಂಬಿದ ಕೊಡ ಕೈಯಿಂದ ಕೈಗೆ ಏರಿ ತೊಟ್ಟಿ ಸೇರುತ್ತಿತ್ತು. ಖಾಲಿ ಕೊಡ ಹಾಗೆಯೇ ಇಳಿದು ಬಾವಿ ಸೇರುತ್ತಿತ್ತು. ಬಾವಿಯ ಹೆಸರೇ ಸಾಲಿನ ಹೆಸರು. ಸಿಹಿಬಾವಿ, ಆನೆಬಾವಿ, ಹುಣಸೆಬಾವಿ, ಹೀಗೆ. ಹುಣಸೆಬಾವಿ ಎನ್ನುವಾಗ ಅಜ್ಜ ತಮ್ಮ ಕೈಯಲ್ಲಿದ್ದುದನ್ನು ಒಮ್ಮೆ ನೋಡಿಕೊಂಡರು.

ಈ ಏಳು ಸಾಲಿಗೂ ಒಬ್ಬ ನೀರುಗಂಟಿ. ಊರಿಗೆ ನೀರು ಹಂಚುವ ಹೊಣೆ ಅವನದು. ಅವನು ತೊಟ್ಟಿಯ ಕಟ್ಟೆಯ ಮೇಲೆ ನಿಲ್ಲುತ್ತಿದ್ದ. ಯಾರಿಗಾದರೂ ಜ್ವರ ಬಂದರೆ, ಯಾರಾದರೂ ಮದುವೆಗೆ ಹೋದರೆ, ಬದಲಿಯವರನ್ನು ಕಳಿಸುತ್ತಿದ್ದ. ಮೊದಲು ಬಾವಿಯ ಹೆಸರು ಕೂಗುತ್ತಿದ್ದ, ಆಮೇಲೆ ಎಣಿಕೆ. "ಆನೆಬಾವಿ, ಒಂಬತ್ತು!" ಎಂದರೆ ಮುಗಿಯಿತು. ಬದಲಿಯವನು ಹೋಗಿ ಒಂಬತ್ತರಲ್ಲಿ ನಿಲ್ಲುತ್ತಿದ್ದ. ಎಂಟರವನು ಕದಲಬೇಕಿಲ್ಲ, ಹತ್ತರವನೂ ಕದಲಬೇಕಿಲ್ಲ. ಸಾಲು ಇದ್ದಷ್ಟೇ ಇರುತ್ತಿತ್ತು. ನೀರುಗಂಟಿಯ ಬಾಯಿಂದ ಈ ಎರಡು ಮಾತು ಬರುವತನಕ ಯಾರೂ ಸಾಲಿನೊಳಗೆ ಕಾಲಿಡುವಂತಿರಲಿಲ್ಲ. ಒಮ್ಮೆ ಒಬ್ಬ ಚೇಷ್ಟೆಗೆ, "ನನ್ನನ್ನು ಸಿಹಿಬಾವಿ ಇಪ್ಪತ್ತೈದಕ್ಕೆ ಹಾಕು ಮಾರಾಯಾ" ಎಂದ. "ಅಲ್ಲಿ ಜಾಗವಿಲ್ಲ, ತೊಟ್ಟಿಯಿದೆ. ಈಜು ಬರುತ್ತದೇನು?" ಎಂದ ನೀರುಗಂಟಿ.

ಅವರು ಎಣಿಸುವ ರೀತಿಯೂ ಅವರದೇ. ಕೊಡ ಎಷ್ಟು ಕೈ ದಾಟಿ ಬಂತು ಎಂದು ಎಣಿಸುತ್ತಿದ್ದರು. ಬಾವಿಯಿಂದ ನೀರು ಸೇದುವವಳ ಬಳಿ ಕೊಡ ಇನ್ನೂ ಯಾರ ಕೈಯನ್ನೂ ದಾಟಿಲ್ಲ. ಆದ್ದರಿಂದ ಅವಳ ಜಾಗ ಸೊನ್ನೆ. ಅವಳ ಮೇಲಿನವನದು ಒಂದು. ಸೊನ್ನೆ ಎಂದು ಕರೆದರೆ ಅವಳಿಗೆ ಬೇಸರವಿರಲಿಲ್ಲ. ಸೇದದಿದ್ದರೆ ನೀವೆಲ್ಲ ಗಾಳಿ ಸಾಗಿಸುತ್ತೀರಿ ಎನ್ನುತ್ತಿದ್ದಳು.

"ನಿನ್ನ ಕಂಪ್ಯೂಟರೂ ಮೊದಲನೆಯದನ್ನು ಸೊನ್ನೆ ಎನ್ನುತ್ತದೆಯಂತೆ?" ಎಂದು ಅಜ್ಜ ಕೇಳಿದರು.

"ಹೌದು ಅಜ್ಜಾರೇ."

"ಯಾರೋ ನೀರು ಹೊತ್ತವರೇ ಅದಕ್ಕೆ ಎಣಿಕೆ ಕಲಿಸಿರಬೇಕು ಬಿಡು."

ಸಿಹಿಬಾವಿಯ ಮೂರರಲ್ಲಿ ನೀರುಗಂಟಿಯ ಹೆಂಡತಿ ನಿಲ್ಲುತ್ತಿದ್ದಳು. ಇಪ್ಪತ್ತಾರು ವರ್ಷ ನಿಂತಳು. ಒಂದು ಆಷಾಢದಲ್ಲಿ ಜ್ವರ ಬಂತು. ನಾಲ್ಕು ದಿನಕ್ಕೆ ತೀರಿಹೋದಳು.

ಮಣ್ಣು ಮಾಡಿ ಬಂದ ಮರುದಿನ ನೀರುಗಂಟಿ ಕಟ್ಟೆ ಹತ್ತಿದ. ಸಿಹಿಬಾವಿಯ ಸಾಲು ಅವನ ಬಾಯನ್ನೇ ನೋಡಿತು. ಬದಲಿಯವರು ಕಟ್ಟೆಯ ಕೆಳಗೆ ಕಾದು ನಿಂತಿದ್ದರು. ಅವನು ಏನೂ ಕೂಗಲಿಲ್ಲ. ಮೂರು ಖಾಲಿ ಉಳಿಯಿತು.

ಎರಡರಲ್ಲಿ ಒಬ್ಬ ಎಡಚನಿದ್ದ. ನಾಲ್ಕರಲ್ಲಿ ಒಬ್ಬ ಮುದುಕಿಯಿದ್ದಳು. ಕೊಡ ಬಂದಾಗ ಎಡಚ ಎರಡು ಮೆಟ್ಟಿಲು ಏರಿದ, ಮುದುಕಿ ಎರಡು ಮೆಟ್ಟಿಲು ಇಳಿದಳು. ಕೊಡ ದಾಟಿತು. ಎಡಚ ಇಳಿದ, ಮುದುಕಿ ಏರಿದಳು. ಒಂದು ಕೊಡಕ್ಕೆ ಇಷ್ಟು. ಒಂದು ಬೆಳಗಿಗೆ ಇನ್ನೂರು ಕೊಡ. ಇಬ್ಬರೂ ದೂರಲಿಲ್ಲ. ಸತ್ತವಳು ಅವರಿಗೂ ಬೇಕಾದವಳು.

ತಿಂಗಳು ಕಳೆಯಿತು. ಸಿಹಿಬಾವಿಯಿಂದ ಬರುವ ನೀರು ಅರ್ಧಕ್ಕೆ ಇಳಿಯಿತು. ಆ ನೀರಿಲ್ಲದೆ ಬೇಳೆ ಬೇಯುವುದಿಲ್ಲ ಎಂದು ಊರಿನ ಹೆಂಗಸರು ಗೊಣಗಿದರು. ಹಿರಿಯರು ಬಂದರು. "ಯಾರನ್ನಾದರೂ ನಿಲ್ಲಿಸಪ್ಪಾ" ಎಂದರು.

ನೀರುಗಂಟಿ ಯೋಚಿಸಿದ. ಒಬ್ಬರನ್ನು ಕರೆದು ಆ ಜಾಗದಲ್ಲಿ ನಿಲ್ಲಿಸುವುದು ಅವನಿಂದಾಗದು. ಆದರೆ ಎಲ್ಲರೂ ಒಂದೊಂದು ಜಾಗ ಕೆಳಗೆ ಸರಿದರೆ? ನಾಲ್ಕು ಮೂರಾಗುತ್ತದೆ, ಐದು ನಾಲ್ಕಾಗುತ್ತದೆ. ಖಾಲಿ ಜಾಗವೇ ಇರುವುದಿಲ್ಲ. ಯಾರ ಹೆಸರನ್ನೂ ಕೂಗಬೇಕಿಲ್ಲ.

ಸರಿಸಿದ. ಆರರ ತಿರುವಿನಲ್ಲಿ ಕಾಲು ಊರಿ ನಿಲ್ಲಲು ಕಲಿತವನು ಐದರ ಇಳಿಜಾರಿಗೆ ಬಂದ. ಹನ್ನೊಂದರ ಮುರಿದ ಮೆಟ್ಟಿಲು ಬಲ್ಲವಳು ಹತ್ತಕ್ಕೆ ಹೋದಳು, ಅರಿಯದವನು ಹನ್ನೊಂದಕ್ಕೆ ಬಂದ. ಹದಿನಾರು ಜನರಿಗೆ ಹದಿನಾರು ಹೊಸ ಜಾಗ. ತೊಟ್ಟಿಯ ಪಕ್ಕದ ಜಾಗದಲ್ಲಿ ಕೊಡ ಇಸಿದುಕೊಳ್ಳಲು ಯಾರೂ ಉಳಿಯಲಿಲ್ಲ. ಆ ಒಂದು ಬೆಳಗ್ಗೆ ಹನ್ನೊಂದು ಕೊಡ ಒಡೆದವು.

ಅಜ್ಜ ಸ್ವಲ್ಪ ತಡೆದು, "ಹನ್ನೊಂದಲ್ಲ, ಮೂವತ್ತು" ಎಂದರು. "ಕುಂಬಾರ ಆ ರಾತ್ರಿ ಪಾಯಸ ಮಾಡಿಸಿದನಂತೆ."

ಮರುದಿನ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳಿದರು. ಮೂರು ಮತ್ತೆ ಖಾಲಿಯಾಯಿತು.

ಊರಿಗೆ ಹೊಸದಾಗಿ ಬಂದ ಒಬ್ಬ ವ್ಯಾಪಾರಿಯಿದ್ದ. ಬಟ್ಟೆಗೆ ಬಣ್ಣ ಹಾಕಿಸುವವನು. ಸಿಹಿಬಾವಿಯ ನೀರಿಲ್ಲದೆ ಅವನ ಬಣ್ಣ ಹಿಡಿಯುತ್ತಿರಲಿಲ್ಲ. ಅವನು ಇಟ್ಟಿಗೆ ಹೊರುವ ಒಬ್ಬ ಹೆಂಗಸನ್ನು ಕರೆದುಕೊಂಡು ನೇರ ಬಾವಿಗೆ ಬಂದ. ಆಕೆ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ನೀರುಗಂಟಿ ಕೂಗದಿದ್ದರೇನು, ತಾನೇ ನಿಲ್ಲಿಸುತ್ತೇನೆ ಎಂದುಕೊಂಡ. ಬದಲಾಗಬೇಕಾದದ್ದು ಮೂರು ಎಂದು ಊರೆಲ್ಲ ಆಡಿಕೊಳ್ಳುವುದನ್ನಷ್ಟೇ ಕೇಳಿದ್ದ, ಆ ಜಾಗ ಖಾಲಿಯಿದೆ ಎಂದು ತಿಳಿದಿರಲಿಲ್ಲ. ಬಾವಿಯಿಂದ ತಲೆ ಎಣಿಸಿದ. ಒಂದು, ಎರಡು, ಮೂರು. ಮೂರನೆಯವನ ತೋಳು ಹಿಡಿದು ಸಾಲಿನಿಂದ ಆಚೆ ಎಳೆದ.

ಅವನು ಎಳೆದದ್ದು ಎಡಚನನ್ನು.

"ಏ ಸಾವುಕಾರಾ, ನಾನಿನ್ನೂ ಸತ್ತಿಲ್ಲವೋ!" ಎಂದು ಎಡಚ ಕಿರುಚಿದ. "ಬೇಕಾದರೆ ನನ್ನ ಹೆಂಡತಿಯನ್ನು ಕೇಳು. ನಿನ್ನೆ ತಾನೇ ಮೂರು ಮುದ್ದೆ ಉಂಡಿದ್ದೇನೆ!"

"ಮೂರನೆಯವನು ನೀನೇ ಅಲ್ಲವೇನಯ್ಯಾ?"

"ನಾನು ಎರಡು! ಸೊನ್ನೆಯಮ್ಮನನ್ನು ಬಿಟ್ಟು ಎಣಿಸಬೇಕು ಕಣಯ್ಯಾ. ಅಲ್ಲಿ ಬಣ್ಣ ಅದ್ದುವವನು ಇಲ್ಲಿ ಬಂದು ಜೀವಂತ ಮನುಷ್ಯನನ್ನು ಅಳಿಸುತ್ತೀಯಲ್ಲ!"

ಸಾಲು ಬಿದ್ದು ಬಿದ್ದು ನಕ್ಕಿತು. ವ್ಯಾಪಾರಿ ಕೈಮುಗಿದು ಹೋದ. ಎತ್ತರದ ಹೆಂಗಸು ಹೋಗಲಿಲ್ಲ. "ಕರೆದಾಗ ನಿಲ್ಲುತ್ತೇನೆ" ಎಂದು ಬಾವಿಯ ಪಕ್ಕ ಕುಳಿತಳು. ನೀರುಗಂಟಿ ಮೇಲಿನಿಂದ ಎಲ್ಲವನ್ನೂ ನೋಡಿದ. ಅವನೂ ನಕ್ಕ. ಮೂರು ಇನ್ನೂ ಖಾಲಿಯಿದೆಯಲ್ಲ ಎಂದು ಒಳಗೊಳಗೆ ಅವನಿಗೆ ಸಮಾಧಾನವೂ ಆಯಿತು.

ನಾಲ್ಕು ದಿನ ಕಳೆದ ಮೇಲೆ ಮುದುಕಿ ಬಿದ್ದಳು.

ಎರಡು ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಟ್ಟಿತು. ಕೊಡ ಒಡೆಯಿತು. ಮುದುಕಿ ಮೂರರ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಎಡಚ ತನ್ನ ಪಂಜೆಯ ಅಂಚು ಹರಿದು ಅವಳ ಮೊಣಕಾಲಿಗೆ ಕಟ್ಟಿದ. ನೀರುಗಂಟಿ ಕಟ್ಟೆಯಿಂದ ಹಾರಿ, ಹದಿನೈದು ಜನರನ್ನು ದಾಟಿಕೊಂಡು ಓಡಿ ಬಂದ.

"ತುಂಬಾ ನೋವಾಯಿತೇನವ್ವಾ?"

"ನೋವಿರಲಿ ತಮ್ಮಾ" ಎಂದಳು ಮುದುಕಿ. "ಒಂದು ಮಾತು ಕೇಳುತ್ತೇನೆ. ಹೆಂಡತಿಯ ಜಾಗವನ್ನು ಉಳಿಸಿದ್ದೇನೆ ಎಂದುಕೊಂಡಿದ್ದೀಯಲ್ಲ, ಅದನ್ನು ಹೊರುತ್ತಿರುವವರು ಯಾರು?"

ನೀರುಗಂಟಿ ಎಡಚನ ಕಡೆ ನೋಡಿದ. ಎಡಚನ ಅಂಗೈಯಲ್ಲಿ ಬೊಬ್ಬೆಗಳಿದ್ದವು. ಅವನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ.

ನೀರುಗಂಟಿ ಮೆಟ್ಟಿಲೇರಿದ. ಕಟ್ಟೆಯ ಮೇಲೆ ನಿಂತ. ಕೆಳಗೆ ಮುದುಕಿ ಒಬ್ಬರ ಕೈ ಹಿಡಿದು ಎದ್ದು ತನ್ನ ನಾಲ್ಕಕ್ಕೆ ಹೋದಳು. ಎತ್ತರದ ಹೆಂಗಸು ಎದ್ದು ಸೆರಗು ಬಿಗಿದಳು.

"ಸಿಹಿಬಾವಿ" ಎಂದು ಕೂಗಿದ ನೀರುಗಂಟಿ.

ಮುಂದಿನ ಮಾತು ಬರಲಿಲ್ಲ. ಸಾಲು ಕಾಯಿತು. ಪಕ್ಕದ ಆನೆಬಾವಿಯವರೂ ಕೊಡ ಹಿಡಿದುಕೊಂಡು ನಿಂತರು. ಒಂದು ಸಲ ಕೂಗಿದರೆ ಮುಗಿಯಿತು, ಆ ಜಾಗದಲ್ಲಿ ಅವಳಿಲ್ಲ. ಕೂಗದಿದ್ದರೆ ಇರುತ್ತಾಳೇನು? ಇದು ಅವನಿಗೆ ಗೊತ್ತಿತ್ತು. ಗಂಟಲಿಗೆ ಗೊತ್ತಿರಲಿಲ್ಲ.

"ಎಣಿಕೆ ಮರೆತೆಯೇನೋ ತಮ್ಮಾ?" ಮುದುಕಿ ಕೆಳಗಿನಿಂದ ಕೂಗಿದಳು. "ನಾನು ನಾಲ್ಕು. ನನ್ನಿಂದ ಒಂದು ಕಳೆದುಕೋ!"

"ಮೂರು" ಎಂದ ನೀರುಗಂಟಿ.

ಎತ್ತರದ ಹೆಂಗಸು ಮೂರರಲ್ಲಿ ನಿಂತಳು. ಸೊನ್ನೆಯವಳು ಸೇದಿದಳು. ಕೊಡ ಒಂದನ್ನು ದಾಟಿತು, ಎಡಚನ ಕೈಗೆ ಬಂತು. ಎಡಚ ತಿರುಗಿ ಕೊಡ ಚಾಚಿದ. ಅವಳ ಕೈ ಇದ್ದ ಕಡೆಗೆ ಕೊಡ ಬರಲಿಲ್ಲ. ಅವಳ ಸೊಂಟದ ಬಳಿ ಬಂದು ನಿಂತಿತು.

ಆ ಗುಡ್ಡದಲ್ಲಿ ಕೆಳಗೆ ಆಡಿದ ಮಾತು ಮೇಲೆ ಕೇಳಿಸುತ್ತಿತ್ತು.

"ಯಾಕಣ್ಣಾ ಇಷ್ಟು ಕೆಳಗೆ ಹಿಡಿಯುತ್ತೀ?"

"ಆಕೆ ಗಿಡ್ಡ ಇದ್ದಳವ್ವಾ."

"ನಾನು ಗಿಡ್ಡ ಇಲ್ಲವಲ್ಲ."

"ನನಗೆ ಗೊತ್ತು. ಕೈಗಿನ್ನೂ ಗೊತ್ತಿಲ್ಲ."

ಹೆಂಗಸು ಬಾಗಿ ಕೊಡ ತೆಗೆದುಕೊಂಡಳು. ತಿರುಗಿ ಮುದುಕಿಗೆ ಚಾಚಿದಳು. ಮುದುಕಿಯ ಎರಡು ಕೈಗಳೂ ಅಷ್ಟೇ ಕೆಳಗೆ ಚಾಚಿ ಕಾಯುತ್ತಿದ್ದವು. ಹೆಂಗಸು ಮತ್ತೆ ಬಾಗಿದಳು. "ನಿನಗೂ ಹಾಗೆಯೇನಜ್ಜೀ?" ಎಂದಳು. ಮುದುಕಿ ಕೊಡ ಇಸಿದುಕೊಂಡು ಐದಕ್ಕೆ ಕೊಟ್ಟಳು.

ಎರಡನೆಯ ಕೊಡ ಬಂತು. ಮೂರನೆಯದು ಬಂತು. ಪ್ರತಿ ಕೊಡಕ್ಕೂ ಹೆಂಗಸು ಎರಡು ಸಲ ಬಾಗಿದಳು. ನೀರುಗಂಟಿ ಕಟ್ಟೆಯ ಮೇಲಿನಿಂದ ನೋಡಿದ. ಎಡಚನ ಕೈಗೂ ಮುದುಕಿಯ ಕೈಗೂ ನಡುವೆ, ಗಾಳಿಯಲ್ಲಿ, ಒಂದು ಎತ್ತರ ಕಾಣಿಸಿತು. ಅವನ ಹೆಗಲಿಗೂ ಬಾರದ ಎತ್ತರ. ಇಪ್ಪತ್ತಾರು ವರ್ಷ ದಿನವೂ ನೋಡಿ, ನೋಡಿದ್ದೇನೆ ಎಂದು ಗೊತ್ತಾಗದೆ ಹೋಗಿದ್ದ ಎತ್ತರ.

ಮೊದಲ ಕೊಡ ತೊಟ್ಟಿಗೆ ಬಂತು. ನೀರುಗಂಟಿ ಅದನ್ನು ಸುರಿಯಲಿಲ್ಲ. ಎದೆಗೆ ಒತ್ತಿಕೊಂಡು ನಿಂತ. ಅಂಗಿ ಒದ್ದೆಯಾಯಿತು. ಹಿಂದಿನ ಕೊಡ ಬಂದು, "ಸುರಿಯಪ್ಪಾ, ಬೇಳೆ ಕಾಯುತ್ತಿದೆ" ಎಂದು ಸಾಲಿನ ಕೊನೆಯವನು ಹೇಳಿದ ಮೇಲೆ ಸುರಿದ.

ಅಜ್ಜ ಕತೆ ನಿಲ್ಲಿಸಿದರು. ಹುಣಸೆಬೀಜಗಳನ್ನು ಒಂದು ಕಡೆಗೆ ಸರಿಸಿದರು.

ಕೊಟ್ರಯ್ಯನ ಕೈಯಲ್ಲಿ ಮೊದಲು ಹಿಡಿದ ಹಣ್ಣೇ ಇತ್ತು. ಅವನು ಕೇಳಿದ. "ಆಮೇಲೆ ಎಡಚನ ಕೈ ಮೇಲೇರಿತೇ ಅಜ್ಜಾರೇ?"

"ಕೆಲವರಿಗೆ ಏರಿತು ಎಂದು ಹೇಳಿದ್ದೇನೆ. ಕೆಲವರಿಗೆ ಕೊನೆಗೂ ಏರಲಿಲ್ಲ ಎಂದು ಹೇಳಿದ್ದೇನೆ. ನಿನಗೆ ಯಾವುದು ಬೇಕೋ ತಗೋ."

"ಅವ್ವ ಅರ್ಧ ಸೌಟು ಹಾಕಿ, ಮುಖ ನೋಡಿ, ಇನ್ನರ್ಧ ಹಾಕುತ್ತಿದ್ದಳು" ಎಂದ ಕೊಟ್ರಯ್ಯ. "ಪಂಕ್ತಿಯವರು ಈಗಲೂ ಮುಖ ಎತ್ತಿ ಕಾಯುತ್ತಾರೆ."

"ದೇವಕ್ಕ ಬಂದು ನಿಂತಾಗಲೂ ಎತ್ತುತ್ತಾರೆ. ಅವಳೂ ನೋಡಬೇಕಾಗುತ್ತದೆ."

"ಆದರೂ ಒಂದು ಸಲ ಬರೆದೆನೆಂದರೆ ಆ ಸಾಲಿನಲ್ಲಿ ಅವ್ವನ ಹೆಸರು ಹುಡುಕಿದರೂ ಸಿಗುವುದಿಲ್ಲ ಅಜ್ಜಾರೇ. ಬರೆಯುವ ಬೆರಳು ನನ್ನದು."

ಅಜ್ಜ ಎದ್ದರು. ಮಂಡಿಯ ಮೇಲಿನ ಸಿಪ್ಪೆ ಕೊಡವಿದರು. ಅವರ ಮುಖದಲ್ಲಿ ಯಾವಾಗಲೂ ಇರುವ ಚೇಷ್ಟೆ ಆಗ ಇರಲಿಲ್ಲ. ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ನನ್ನ ಹೆಸರಿನ ಮೇಲೆ ಬರೆಯುವ ದಿನ ಬಂದಾಗ ಇಷ್ಟು ತಡ ಮಾಡಬೇಡ ತಮ್ಮಾ, ಜನ ಹಸಿದು ಕೂತಿರುತ್ತಾರೆ."

ಕೊಟ್ರಯ್ಯ ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು, ಪಟ್ಟಿ ತೆರೆಯಲು ಒಳಗೆ ಹೋದ.